ಸದ್ದಿಲ್ಲದ ಕೆಲಸ

ಒಂದು ಗಂಟೆಗೆ ಸರಿಯಾಗಿ ಫ್ಯಾನು ನಿಂತಿತು. ಇಮ್ಕೆಯ ಎದೆ ಧಸಕ್ಕೆಂದಿತು. ದಿನಾ ಹಾಗೇ. ಇಪ್ಪತ್ತಮೂರು ದಿನವಾದರೂ ಅವಳಿಗದು ಅಭ್ಯಾಸವಾಗಿರಲಿಲ್ಲ.

ಅವಳು ನಿಂತಿದ್ದುದು ಡೇರೆಯ ಬಾಗಿಲಲ್ಲಿ. ಎರಡು ಮಹಡಿ ಎತ್ತರದ, ದಪ್ಪ ಬಿಳಿ ಪ್ಲಾಸ್ಟಿಕ್ಕಿನ ಡೇರೆ ಅದು. ಅದರೊಳಗೆ ಎರಡಾಳು ಆಳದ ಗುಂಡಿ. ಗುಂಡಿಯೊಳಗೆ ಸನಿಕೆ ಹಿಡಿದ ಇಬ್ಬರು. ಒಬ್ಬ ಅವಳ ತಮ್ಮ ಓಕೊ, ಇನ್ನೊಬ್ಬ ಪೋಲೆಂಡಿನ ವಾಲ್ಡೆಕ್. ಫ್ಯಾನು ಓಡುತ್ತಿದ್ದರೆ ಒಳಗಿನ ಕೆಟ್ಟ ಗಾಳಿಯನ್ನು ಎಳೆದು, ಇದ್ದಿಲಿನ ಪೆಟ್ಟಿಗೆಯಲ್ಲಿ ಸೋಸಿ ಹೊರಗೆ ಬಿಡುತ್ತದೆ. ನಿಂತರೆ ಆ ಗಾಳಿ ಎಲ್ಲಿಗೆ ಹೋಗಬೇಕು? ಪೆಟ್ರೋಲಿನ ಆವಿ ಹೊಗೆಯ ಹಾಗೆ ಮೇಲೇರುವುದಿಲ್ಲ. ನೀರಿನ ಹಾಗೆ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ತಳದಲ್ಲಿ ಇದ್ದವರು ಆ ಇಬ್ಬರೇ.

ವೀಬರ್‌ಝೀಲ್ ಊರಿನ ಬಂದರಿನ ಹಿಂದೆ ಅರವತ್ತು ವರ್ಷ ಎಣ್ಣೆ ಡಿಪೋ ಇತ್ತು. ಹಡಗಿಗೆ ಡೀಸೆಲ್, ಊರಿಗೆ ಪೆಟ್ರೋಲ್, ಚಳಿಗಾಲಕ್ಕೆ ಮನೆ ಕಾಯಿಸುವ ಎಣ್ಣೆ. ಟ್ಯಾಂಕು ಸೋರಿತು, ಪೈಪು ಸೋರಿತು, ತುಂಬಿಸುವಾಗ ಚೆಲ್ಲಿತು. ಲಾಭ ಮಾಡಿದವರು ಲಾಭ ಕಟ್ಟಿಕೊಂಡು ಹೋದರು. ಎಣ್ಣೆ ಮಾತ್ರ ಮಣ್ಣಿನಲ್ಲೇ ಉಳಿಯಿತು. ಆಮೇಲೆ ಪಕ್ಕದ ಬೀದಿಯ ನೆಲಮಾಳಿಗೆಗಳಲ್ಲಿ ವಾಸನೆ ಎದ್ದಿತು. ಪರೀಕ್ಷೆಯವರು ಬಂದರು. ನಲವತ್ತು ಕಡೆ ನೆಲ ಕೊರೆದು, ಮಣ್ಣನ್ನು ಗಾಜಿನ ಭರಣಿಗಳಲ್ಲಿ ತುಂಬಿ ಲ್ಯಾಬಿಗೆ ಕಳಿಸಿದರು. ನಕ್ಷೆಯ ಮೇಲೆ ಕೆಂಪು ಬಳಿದರು. ಕೆಂಪು ಇದ್ದಲ್ಲೆಲ್ಲ ಅಗೆದು, ಮಣ್ಣು ತೊಳೆಯುವ ಕಾರ್ಖಾನೆಗೆ ಸಾಗಿಸಬೇಕು ಅಂತ ತೀರ್ಮಾನವಾಯಿತು.

ಅಗೆದರೆ ವಾಸನೆ ನಮ್ಮ ಮನೆಗೆ ಬರುತ್ತದೆ ಅಂದರು ಬೀದಿಯವರು. ಸರಿ, ಡೇರೆ ಬಂತು. ಡೇರೆ ಬಂದ ಮೇಲೆ ಫ್ಯಾನು ಬರಲೇಬೇಕು. ಫ್ಯಾನಿನ ಸದ್ದಿಗೆ ಮಧ್ಯಾಹ್ನ ಕಣ್ಣು ಮುಚ್ಚಲಾಗುತ್ತಿಲ್ಲ ಅಂದರು ಬೀದಿಯವರು. ಅವರದ್ದೂ ತಪ್ಪಲ್ಲ. ಈ ಊರಲ್ಲಿ ಮಧ್ಯಾಹ್ನ ಒಂದರಿಂದ ಮೂರು ಮೌನದ ಹೊತ್ತು. ಆಗ ಹುಲ್ಲು ಕತ್ತರಿಸುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಖಾಲಿ ಬಾಟಲಿಯನ್ನು ತೊಟ್ಟಿಗೆ ಎಸೆಯುವ ಹಾಗೂ ಇಲ್ಲ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಮೂವತ್ತಾರು ಮಂದಿ ಸಹಿ ಹಾಕಿ ಅರ್ಜಿ ಕೊಟ್ಟರು. ನಗರಸಭೆ ಆದೇಶ ಹೊರಡಿಸಿತು: ಒಂದರಿಂದ ಮೂರು ಕೆಲಸವೂ ಬಂದ್, ಫ್ಯಾನೂ ಬಂದ್.

ಫ್ಯಾನು ಬಂದ್ ಆಯಿತು. ಕೆಲಸ ಬಂದ್ ಆಗಲಿಲ್ಲ.

"ಅಗೆಯೋ ಯಂತ್ರ ನಿಲ್ಸಿ. ಸದ್ದಿಲ್ಲದ ಕೆಲಸ ಮಾಡಿ," ಅಂದಿದ್ದ ಸೈಟಿನ ಮೇಲ್ವಿಚಾರಕ ಕ್ರೋಗರ್, ಮೊದಲ ದಿನವೇ. "ಹಳೇ ಪೈಪಿನ ಸುತ್ತ ಹೇಗೂ ಕೈಯಲ್ಲೇ ಬಿಡಿಸ್ಬೇಕಲ್ಲ. ಅದನ್ನ ಈ ಎರಡು ಗಂಟೇಲಿ ಮಾಡ್ಕೊಳ್ಳಿ. ಸನಿಕೆ ಸದ್ದು ಯಾರಿಗೆ ಕೇಳುತ್ತೆ?"

"ಫ್ಯಾನಿಲ್ದೆ ಒಳಗೆ ಇಳೀಬಾರ್ದು ಅಂತ ಇದೆಯಲ್ಲ?" ಅಂದಿದ್ದಳು ಇಮ್ಕೆ.

"ಎಲ್ಲಿದೆ?"

"ನೀವೇ ಆಫೀಸ್ ಗೋಡೆಗೆ ಅಂಟಿಸಿದ್ದೀರಲ್ಲ."

ಕ್ರೋಗರ್ ಬಾಯಲ್ಲಿ ಪೆಪ್ಪರಮಿಂಟು ಹೊರಳಿಸಿದ. ಜೋರು ಮಾಡುವ ಮನುಷ್ಯನೇ ಅಲ್ಲ ಅವನು. "ಒಳ್ಳೇ ಕಣ್ಣು ನಿಂದು," ಅಂದ. ಮಾರನೆ ದಿನ ಗೋಡೆಯ ಮೇಲೆ ಆ ಹಾಳೆ ಇರಲಿಲ್ಲ.

ಅಗೆಯುವ ಯಂತ್ರ ಓಡಿಸುವವನು ಕಂಪನಿಯ ಖಾಯಂ ನೌಕರ. ಒಂದು ಗಂಟೆಗೆ ಇಳಿದು ತನ್ನ ಕಾರಿಗೆ ಹೋಗಿ ಸೀಟು ಹಿಂದಕ್ಕೆ ಒರಗಿಸಿ ಮಲಗುತ್ತಿದ್ದ. ಕಾನೂನು ಅವನಿಗೆ ಅನ್ವಯಿಸುತ್ತದೆ. ಓಕೊ, ವಾಲ್ಡೆಕ್, ಇಮ್ಕೆ ಮೂವರೂ ಏಜೆನ್ಸಿಯ ಆಳುಗಳು. ಏಜೆನ್ಸಿಯವರು ಯಾವ ಸೈಟಿಗೆ ಕಳಿಸಿದರೆ ಅಲ್ಲಿಗೆ ಹೋಗುವವರು.

ಇಮ್ಕೆಯ ಕೆಲಸ ಎರಡು. ಬೆಳಿಗ್ಗೆ ಗಂಡಸರ ಕೈಗವಸನ್ನು ಬಿಳಿ ಅಂಗಿಯ ತೋಳಿಗೆ ಟೇಪು ಸುತ್ತಿ ಭದ್ರ ಮಾಡುವುದು. ಆಮೇಲೆ ದಿನವಿಡೀ ಗಾಳಿಯ ಮೀಟರು ನೋಡುವುದು. ಅಂಗೈಗಿಂತ ಸ್ವಲ್ಪ ದೊಡ್ಡ ಹಳದಿ ಡಬ್ಬಿ. ಐವತ್ತು ದಾಟಿದರೆ ಕಿರುಚುತ್ತದೆ, ಕಿರುಚಿದರೆ ಎಲ್ಲರೂ ಮೇಲೆ ಬರಬೇಕು. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದು ಕೆಳಗೆ ಸಹಿ ಹಾಕಬೇಕು.

ಎರಡನೇ ದಿನ ಒಂದೂ ಹತ್ತಕ್ಕೆ ಅದು ಕಿರುಚಿತ್ತು. ಕ್ರೋಗರ್ ಓಡಿ ಬಂದು ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದ.

"ಡೇರೆ ಹತ್ರ ಅಳೀಬೇಕು ಅಂತ ತಾನೇ ಇರೋದು? ಇದೂ ಡೇರೆ ಹತ್ರಾನೇ."

ಹೊರಗೆ ಸಮುದ್ರದ ಗಾಳಿ ಬೀಸುತ್ತಿತ್ತು. ಅಂಕಿ ಇಳಿಯಿತು, ಹದಿನೆಂಟಕ್ಕೆ ಬಂದು ನಿಂತಿತು.

"ಹದಿನೆಂಟು. ಬರಿ," ಅಂದ.

ಬರೆದಳು. ಯಾಕೆ ಬರೆದಳು ಅಂತ ಕೇಳುವವರು ಒಂದು ವರ್ಷ ಏಜೆನ್ಸಿಯ ಆಳಾಗಿ ಬದುಕಿ ನೋಡಬೇಕು. ಮೀನಿನ ಫ್ಯಾಕ್ಟರಿ ಮುಚ್ಚಿದಾಗ ಅಕ್ಕ ತಮ್ಮ ಇಬ್ಬರೂ ಒಂದೇ ದಿನ ಬೀದಿಗೆ ಬಿದ್ದಿದ್ದರು. ಅವಳಿಗೆ ಮೊದಲು ಈ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಕೈಕಾಲು ಹಿಡಿದು ತಮ್ಮನನ್ನೂ ಸೇರಿಸಿದ್ದಳು. ಆರು ತಿಂಗಳು ಅವನನ್ನು ಒರೆಗೆ ಹಚ್ಚಿ ನೋಡುತ್ತಾರೆ, ಆಮೇಲೆ ಖಾಯಂ. ಅದರಲ್ಲಿ ಇನ್ನು ನಾಲ್ಕು ವಾರ ಉಳಿದಿತ್ತು. ಒಂದು ಮಾತು ಹೆಚ್ಚಾದರೆ ಅವನು ಹೊರಗೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಹದಿನೆಂಟು ಬರೆಯುವುದು ಎಷ್ಟು ಸಲೀಸಾಯಿತೆಂದರೆ, ಕೊನೆಗೆ ಅವಳು ಹತ್ತು ನಿಮಿಷಕ್ಕೊಮ್ಮೆ ನೋಡುವುದನ್ನೂ ಬಿಟ್ಟಳು. ಒಂದು ಗಂಟೆಗೇ ಕುಳಿತು ಮೂರರವರೆಗಿನ ಹದಿಮೂರು ಹದಿನೆಂಟುಗಳನ್ನು ಒಟ್ಟಿಗೆ ಬರೆದು ಸಹಿ ಹಾಕಿಬಿಡುತ್ತಿದ್ದಳು. ಆ ಹಾಳೆಯನ್ನು ಕಂಡರೇ ಅವಳಿಗೆ ಭಯ. ಬೇಗ ಮುಗಿಸಿ ಮಗುಚಿಟ್ಟರೆ ಸಾಕು ಅನ್ನಿಸುತ್ತಿತ್ತು.

ಆದರೆ ಭಯ ಮಗುಚಿಟ್ಟರೆ ಹೋಗುತ್ತದೆಯೇ? ಮೂರು ಗಂಟೆಗೆ ಓಕೊ ಮೇಲೆ ಬಂದು ಮುಖವಾಡ ಬಿಚ್ಚಿದಾಗ ಕಣ್ಣು ಕೆಂಡದ ಹಾಗಿರುತ್ತಿತ್ತು. ಚಹಾಕ್ಕೆ ಕಲ್ಲುಸಕ್ಕರೆ ಹಾಕಲು ಹೋಗಿ ಕೈ ನಡುಗಿ ಹೊರಗೆ ಬೀಳಿಸುತ್ತಿದ್ದ. ಬೀಳಿಸಿ ನಗುತ್ತಿದ್ದ. ಇಪ್ಪತ್ತೆರಡನೇ ದಿನ ಇಮ್ಕೆ ಕೇಳಿಯೇಬಿಟ್ಟಳು.

"ಏನೋ, ಕುಡಿದವ್ನ ಥರ ಆಡ್ತೀಯ?"

"ಪುಕ್ಕಟೆ ಅಮಲು ಕಣಕ್ಕ. ಹೆಂಡದಂಗಡಿಗೆ ಹೋಗೋದೇ ಬೇಡ."

"ಮೂಗಲ್ಲಿ ರಕ್ತ ನೋಡ್ಕೋ."

"ಚಳಿಗೆ," ಅಂದು ತೋಳಿನಿಂದ ಒರೆಸಿಕೊಂಡ. ಮೇ ತಿಂಗಳು. ಎಲ್ಲಿಯ ಚಳಿ?

"ವಾಸನೆ ಬರುತ್ತಾ ಕೆಳಗೆ?"

"ಮೊದಲೆಲ್ಲಾ ತಲೆ ಸಿಡಿಯೋ ಹಾಗೆ ಬರ್ತಿತ್ತು. ಸಿಹಿ ಸಿಹಿ ವಾಸನೆ. ಈಗ ಏನೂ ಇಲ್ಲ. ಮಣ್ಣು ಶುದ್ಧ ಆಗ್ತಿದೆ ಅನ್ಸುತ್ತೆ."

ವಾಲ್ಡೆಕ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ ಇಮ್ಕೆಯನ್ನು ನೋಡಿದ. ಐವತ್ತೆಂಟರ ಆಳು. ಇಂಥ ಹತ್ತು ಡಿಪೋಗಳ ಮಣ್ಣು ಅಗೆದವನು.

"ತಂಗಿ, ಒಂದು ಮಾತು," ಅಂದ ಆಮೇಲೆ ಅವಳನ್ನು ಬದಿಗೆ ಕರೆದು. "ವಾಸನೆ ಬರೋವಾಗ ಹೆದರ್ಬೇಡ. ನಿಂತೋದಾಗ ಹೆದರು. ಮಣ್ಣು ಶುದ್ಧ ಆಗಿಲ್ಲ. ಮೂಗು ಸತ್ತಿದೆ."

"ಮುಖವಾಡದ ಫಿಲ್ಟರು?"

"ದಿನಾ ಹೊಸದು ಹಾಕ್ಬೇಕು. ವಾರಕ್ಕೊಂದು ಕೊಡ್ತಾನೆ. ಇವತ್ತು ಐದನೇ ದಿನ."

"ನೀವ್ಯಾಕೆ ಹೇಳಲ್ಲ ಕ್ರೋಗರ್‌ಗೆ?"

ವಾಲ್ಡೆಕ್ ನಕ್ಕ. "ನೀನ್ಯಾಕೆ ಹೇಳಲ್ಲ?"



ಮರುದಿನ ಬೆಳಿಗ್ಗೆ ಬೇಕರಿಯಲ್ಲಿ ಗೆಸಿನ ಟೀಚರ್ ಸಿಕ್ಕರು. ಡೇರೆಗೆ ಎದುರು ಮನೆ ಅವರದು. ಇಮ್ಕೆಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಎಪ್ಪತ್ತೆಂಟು ವಯಸ್ಸು, ಬೆನ್ನು ಇನ್ನೂ ಬೆತ್ತದಷ್ಟು ನೆಟ್ಟಗೆ. ಮೌನದ ಹೊತ್ತಿನ ಅರ್ಜಿಯಲ್ಲಿ ಮೊದಲ ಸಹಿ ಅವರದೇ.

"ಮೊಯಿನ್, ಇಮ್ಕೆ," ಅಂದು ಊರ ರೂಢಿಯ ನಮಸ್ಕಾರ ಹೇಳಿದರು. "ನಾನು ನಿಮ್ಗೆಲ್ಲಾ ಉಪಕಾರ ಮಾಡಿದೀನಿ ನೋಡು," ಅಂದರು ಖುಷಿಯಲ್ಲಿ. "ನಮಗೂ ನಿದ್ದೆ, ನಿಮ್ಮ ಹುಡುಗ್ರಿಗೂ ಎರಡು ಗಂಟೆ ವಿಶ್ರಾಂತಿ. ಪಾಪ, ಬಿಸಿಲಲ್ಲಿ ದುಡಿಯೋರು."

ಇಮ್ಕೆ ಸುತ್ತ ನೋಡಿದಳು. ಬೀದಿಯವರೊಂದಿಗೆ ಸೈಟಿನ ವಿಷಯ ಮಾತಾಡಿದರೆ ಅದೇ ದಿನ ಕೆಲಸದಿಂದ ತೆಗೆಯುತ್ತೇವೆ ಅಂತ ಏಜೆನ್ಸಿ ಬರೆಸಿಕೊಂಡಿತ್ತು. ಬೇಕರಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

"ಹೌದು ಟೀಚರ್," ಅಂದಳು. ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದು ಗೋಡೆಗೆ ಕೈ ಊರಿ ನಿಂತಳು. ಥೂ ನನ್ನ ಬಾಯಿಗೆ, ಅಂದುಕೊಂಡಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬೆಕ್ಕಿಗೆ ತಾನು ಆಡುತ್ತಿರುವುದೇ ಗೊತ್ತಿಲ್ಲ.

ಅದೇ ದಿನ ಮಧ್ಯಾಹ್ನ.

ಒಂದು ಗಂಟೆಗೆ ಫ್ಯಾನು ನಿಂತಿತು ಅಂದೆನಲ್ಲ, ಅದು ಈ ದಿನವೇ. ಇಮ್ಕೆ ಹದಿಮೂರು ಹದಿನೆಂಟು ಬರೆದು, ಸಹಿ ಹಾಕಿ, ಹಾಳೆ ಮಗುಚಿಟ್ಟು ಬಾಗಿಲಲ್ಲಿ ನಿಂತಳು. ಬೀದಿ ನಿಶ್ಶಬ್ದವಾಗಿತ್ತು. ಒಳಗಿಂದ ಸನಿಕೆ ಮಣ್ಣು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಹಳೇ ಪೈಪು ಹಿಡಿದು ಅವರು ಈಗ ಅಗೆಯುತ್ತಿದ್ದುದು ಲಾರಿಗೆ ಪೆಟ್ರೋಲ್ ತುಂಬಿಸುತ್ತಿದ್ದ ಹಳೇ ಕಟ್ಟೆಯ ಬುಡದಲ್ಲಿ. ಮೊದಲು ಕೊರೆದು ನೋಡಿದವರು ಆ ಮೂಲೆಗೆ ಹೋಗಿರಲಿಲ್ಲ. ಕಟ್ಟೆ ಒಡೆಯಬೇಕಾಗುತ್ತದೆ ಅಂತ ಬಿಟ್ಟಿದ್ದರು. ನಕ್ಷೆಯಲ್ಲಿ ಅದು ಬಿಳಿ. ಆದರೆ ಎರಡು ದಿನದಿಂದ ಅಲ್ಲಿನ ಮಣ್ಣು ಹಸಿರುಗಪ್ಪಾಗಿ ಬರುತ್ತಿದ್ದುದನ್ನು ಇಮ್ಕೆ ನೋಡಿದ್ದಳು.

ಒಂದೂ ಇಪ್ಪತ್ತಕ್ಕೆ ಲೋಹಕ್ಕೆ ಲೋಹ ತಾಗಿದ ಸದ್ದು ಬಂತು. ಆಮೇಲೆ ಕೆರೆಯುವ ಸದ್ದು ನಿಂತಿತು.

"ಓಕೊ?" ಅಂದಳು ಮೆಲ್ಲಗೆ. ಮೌನದ ಹೊತ್ತಲ್ಲವೇ, ಕೂಗುವ ಹಾಗಿರಲಿಲ್ಲ.

ಪರದೆಗೆ ಕಿವಿಯಿಟ್ಟಳು.

"ವಾಲ್ಡೆಕ್?"

"ಪೈಪು," ಅಂದ ವಾಲ್ಡೆಕ್. ನಾಲಿಗೆ ತೊದಲುತ್ತಿತ್ತು. "ಪೈಪಲ್ಲಿ ಪೆಟ್ರೋಲ್ ತುಂಬಿದೆ. ಹರೀತಿದೆ."

ಇಮ್ಕೆ ಬಾಗಿಲ ಪರದೆ ಸರಿಸಿ ನೋಡಿದಳು. ತಳದಲ್ಲಿ ಓಕೊ ಕೂತಿದ್ದ. ಮುಖವಾಡ ಕತ್ತಿಗೆ ಜೋತು ಬಿದ್ದಿತ್ತು. ಕಾಲ ಸುತ್ತ ಬಣ್ಣಬಣ್ಣದ ನೀರಿನಂಥದ್ದು ಹರಡುತ್ತಿತ್ತು. ಅವನು ಅದನ್ನು ನೋಡಿ ನಗುತ್ತಿದ್ದ. ನಗುನಗುತ್ತಲೇ ಪಕ್ಕಕ್ಕೆ ವಾಲಿ ಮಲಗಿದ.

ಮೊಳೆಯಿಂದ ಮೀಟರು ಕಿತ್ತು ಒಳಗೆ ಚಾಚಿದಳು. ಅಂಕಿ ಓಡಿತು. ಅರವತ್ತು, ಇನ್ನೂರು, ಆಮೇಲೆ ಅಂಕಿಯೇ ಇಲ್ಲ, ಬರೀ ಗೆರೆಗಳು. ಮೀಟರು ಕಿರುಚತೊಡಗಿತು.

ಕ್ರೋಗರ್ ಆಫೀಸಿನಿಂದ ಓಡಿ ಬಂದ. "ನಿಲ್ಸು ಅದನ್ನ. ಬೀದಿ ಕಿಟಕಿಗಳೆಲ್ಲಾ ತೆಗೆದಿವೆ."

"ಓಕೊ ಬಿದ್ದಿದಾನೆ. ಫ್ಯಾನ್ ಹಾಕಿ."

"ಮೊದ್ಲು ಮೀಟರ್ ನಿಲ್ಸು."

"ಫ್ಯಾನಿನ ಬೀಗದಕೈ ಕೊಡಿ, ಕ್ರೋಗರ್ ಅವ್ರೇ. ನಿಮ್ಮ ಸೊಂಟದಲ್ಲೇ ಇದೆ."

"ಈಗ ಹಾಕಿದ್ರೆ ನಗರಸಭೆಯವ್ರು ಸೈಟ್ ಮುಚ್ಚಿಸ್ತಾರೆ. ಯಾಕೆ ಹಾಕಿದ್ರಿ, ಒಳಗೆ ಯಾರಿದ್ರು ಅಂತ ಕೇಳ್ತಾರೆ. ಎರಡೇ ನಿಮಿಷ ತಡಿ, ನಾನು ಒಂದು ಫೋನ್ ಮಾಡ್ತೀನಿ." ಅವನ ಮುಖ ಬಿಳಿಚಿತ್ತು. ಅವನಿಗೂ ಹೆದರಿಕೆ ಆಗಿತ್ತು. ಆದರೆ ಅವನ ಹೆದರಿಕೆ ಬೇರೆ, ಇವಳ ಹೆದರಿಕೆ ಬೇರೆ.

ಇಮ್ಕೆ ಅವನನ್ನು ನೋಡಿದಳು. ಇಷ್ಟು ದಿನ ಯಾವುದಕ್ಕೆ ಹೆದರಿ ಹದಿನೆಂಟು ಬರೆದಿದ್ದಳೋ, ಅದೆಲ್ಲಾ ಅವಳೆದುರು ಪೆಪ್ಪರಮಿಂಟು ಬಾಯಲ್ಲಿಟ್ಟುಕೊಂಡು ಫೋನು ಒತ್ತುತ್ತಿತ್ತು. ಒಳಗೆ ಒಡಹುಟ್ಟಿದವನು ಬಿದ್ದಿದ್ದ. ಜೇಬಿಗೆ ಕೈ ಹಾಕಿದಳು. ಟೇಪು ಕತ್ತರಿಸುವ ಚಾಕು ಸಿಕ್ಕಿತು.

ಡೇರೆಯ ಬೀದಿ ಕಡೆಯ ಗೋಡೆಗೆ ಓಡಿದಳು. ಕೈ ಎಟುಕುವಷ್ಟು ಎತ್ತರಕ್ಕೆ ಚಾಕು ಚುಚ್ಚಿ, ಮೈಭಾರವೆಲ್ಲಾ ಹಾಕಿ ನೆಲದವರೆಗೆ ಎಳೆದಳು. ಐದು ಹೆಜ್ಜೆ ಆಚೆ ಇನ್ನೊಂದು. ನಡುವಿನ ಪ್ಲಾಸ್ಟಿಕ್ಕನ್ನು ಅಡ್ಡ ಸೀಳಿ ಕೆಳಕ್ಕೆ ಕೆಡವಿದಳು. ಬಾಗಿಲಿನಿಂದ ನುಗ್ಗಿದ ಸಮುದ್ರದ ಗಾಳಿ ಗುಂಡಿಯನ್ನು ಗುಡಿಸಿಕೊಂಡು ಆ ಬಾಯಿಂದ ಹೊರಬಿತ್ತು. ಸೀದಾ ಬೀದಿಗೆ.

"ಹುಚ್ಚು ಹಿಡೀತಾ ನಿಂಗೆ?" ಕ್ರೋಗರ್ ಮೊದಲ ಸಲ ಕೂಗಿದ.

ಅವಳು ಆಗಲೇ ತನ್ನ ಮುಖವಾಡ ಹಾಕಿಕೊಂಡು, ಯಂತ್ರ ಇಳಿಯುವ ಇಳಿಜಾರಿನಲ್ಲಿ ಜಾರುತ್ತಾ ಕೆಳಗೆ ಹೋಗುತ್ತಿದ್ದಳು. ವಾಲ್ಡೆಕ್ ಓಕೊನ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಿದ್ದ, ಎರಡು ಹೆಜ್ಜೆಗೊಮ್ಮೆ ಮಂಡಿಯೂರುತ್ತಿದ್ದ. ಇಮ್ಕೆ ಕಾಲು ಹಿಡಿದಳು. ಜಾರುವ ಎಣ್ಣೆಮಣ್ಣು. ಕೈ ಕೆಸರಾದರೆ ಬಾಯಿ ಮೊಸರು ಅನ್ನುವವರು ಆ ಕೆಸರನ್ನು ಒಂದು ಸಲ ಮುಟ್ಟಿ ನೋಡಬೇಕಿತ್ತು. ಒಂದು ಕಿಡಿ ಹಾರಿದರೆ ಮೂವರೂ ಇಲ್ಲೇ ಬೂದಿ, ಅನ್ನುವುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಎಳೆದರು. ಜಾರಿದರು. ಮತ್ತೆ ಎಳೆದರು. ಸೀಳಿದ ಗೋಡೆಯಿಂದ ಹೊರಗೆ ಹುಲ್ಲಿನ ಮೇಲೆ ತಂದು ಹಾಕಿದರು.

ಓಕೊನ ತುಟಿ ನೀಲಿಯಾಗಿತ್ತು. ಉಸಿರು ಇತ್ತು. ಇತ್ತು ಅಂತ ಹೇಳಬಹುದು, ಅಷ್ಟೇ.

ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಗೆಸಿನ ಟೀಚರ್ ಎಲ್ಲರಿಗಿಂತ ಮುಂದೆ ಬಂದರು, ಮನೆಯ ಚಪ್ಪಲಿಯಲ್ಲೇ. "ಏನಿದು ಗಲಾಟೆ, ಇನ್ನೂ ಎರಡು ಗಂಟೆ ಕೂಡ..." ಅನ್ನುತ್ತಾ ಬಂದವರು ಅರ್ಧಕ್ಕೇ ನಿಂತು ಕೈಯಿಂದ ಮೂಗು ಮುಚ್ಚಿಕೊಂಡರು. ಹಿಂದೆ ಬಂದವರೂ ಮುಚ್ಚಿಕೊಂಡರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಎಲ್ಲರ ಕಣ್ಣಲ್ಲೂ ಹೆದರಿಕೆ. ಇಪ್ಪತ್ತಮೂರು ದಿನ ಇಮ್ಕೆ ಒಬ್ಬಳೇ ಹೊತ್ತಿದ್ದ ಹೆದರಿಕೆ ಅದು.

"ಇಮ್ಕೆ, ಈ ಹುಡುಗ ಯಾರು?" ಅಂದರು ಟೀಚರ್.

"ನನ್ನ ತಮ್ಮ, ಟೀಚರ್. ನಿಮ್ಮ ಕೈಲೇ ಕಲಿತವ್ನು."

"ಒಳಗೆ ಏನ್ ಮಾಡ್ತಿದ್ದ ಈ ಹೊತ್ತಲ್ಲಿ?"

"ಕೆಲಸ. ದಿನಾ ಒಂದರಿಂದ ಮೂರೂ ಕೆಲಸ ಮಾಡ್ತಾರೆ. ಫ್ಯಾನ್ ಇಲ್ದೆ. ಬೇಕರಿಯಲ್ಲಿ ನಾನು ನಿಮ್ಗೆ ಸುಳ್ಳು ಹೇಳ್ದೆ."

ಟೀಚರ್ ಮೆಲ್ಲಗೆ ಹುಲ್ಲಿನ ಮೇಲೆ ಕೂತು ಓಕೊನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡರು.

ಆಂಬುಲೆನ್ಸ್ ಬಂತು, ಪೊಲೀಸರೂ ಬಂದರು. ಓಕೊನ ಮುಖಕ್ಕೆ ಆಮ್ಲಜನಕದ ಬಟ್ಟಲು ಕಟ್ಟಿದರು. "ಬದುಕ್ತಾನಾ?" ಅಂತ ಕೇಳಿದ್ದಕ್ಕೆ ಡಾಕ್ಟರು, "ಇನ್ನೂ ಏನೂ ಹೇಳೋಕಾಗಲ್ಲ, ದಾರಿ ಬಿಡಿ," ಅಂದರು. ಜೊತೆಗೆ ಹೋಗಲು ಇಮ್ಕೆ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಪೊಲೀಸಮ್ಮ ತಡೆದಳು. ಅವಳ ಕೈಯಲ್ಲಿ ಮೀಟರಿನ ಅಂಕಿ ಬರೆದ ಇವತ್ತಿನ ಹಾಳೆ ಇತ್ತು. ಪಕ್ಕದಲ್ಲಿ ಕ್ರೋಗರ್, ದನಿ ಮತ್ತೆ ತಣ್ಣಗಾಗಿತ್ತು.

"ಗಾಳಿ ಅಳೆಯೋ ಜವಾಬ್ದಾರಿ ಪೂರ್ತಿ ಇವರದ್ದು," ಅನ್ನುತ್ತಿದ್ದ. "ಇವರು ಕೊಟ್ಟ ಅಂಕಿ ನಂಬಿ ನಾವು ಕೆಲಸ ನಡೆಸ್ತಿದ್ವಿ."

"ಇದು ನಿಮ್ಮ ಸಹಿಯಾ?" ಅಂದಳು ಪೊಲೀಸಮ್ಮ.

"ಹೌದು."

"ಈಗ ಗಂಟೆ ಒಂದೂ ಐವತ್ತು. ಇಲ್ಲಿ ಎರಡೂವರೆಗೂ ಹದಿನೆಂಟು, ಮೂರಕ್ಕೂ ಹದಿನೆಂಟು ಅಂತ ಬರೆದಿದೀರಿ. ಆಗದೇ ಇರೋ ಹೊತ್ತನ್ನ ಹೇಗೆ ಅಳೆದ್ರಿ?"

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಅವಳನ್ನು ಬಿಟ್ಟೇ ಹೊರಟಿತು. ತಪ್ಪಿಸಿಕೊಳ್ಳಲು ಇಮ್ಕೆಗೆ ನೂರು ಮಾತು ಬಾಯಿಗೆ ಬಂದವು. ವಾಲ್ಡೆಕ್ ಹುಲ್ಲಿನ ಮೇಲೆ ಕೂತು ವಾಂತಿ ಮಾಡುತ್ತಾ ಅವಳನ್ನೇ ನೋಡುತ್ತಿದ್ದ.

"ಸುಳ್ಳು ಬರ್ದೆ," ಅಂದಳು. "ಇವತ್ತಿಂದು ಮಾತ್ರ ಅಲ್ಲ. ಎರಡನೇ ದಿನದಿಂದ ಇವತ್ತಿನವರೆಗೆ, ಇಪ್ಪತ್ತೆರಡು ಹಾಳೇನೂ ಸುಳ್ಳು. ಎಲ್ಲಾ ನನ್ನ ಸಹಿ. ಮೀಟರನ್ನ ಹೊರಗಿನ ಮೊಳೆಗೆ ಹಾಕಿದ್ದು ಇವರು. ಹದಿನೆಂಟು ಬರಿ ಅಂದಿದ್ದು ಇವರು. ಬರ್ದಿದ್ದು ನಾನು. ಅದೂ ಬರ್ಕೊಳ್ಳಿ, ಇದೂ ಬರ್ಕೊಳ್ಳಿ."

"ಜೈಲಾಗಬಹುದು, ಗೊತ್ತಲ್ಲ?" ಅಂದ ಕ್ರೋಗರ್ ಮೆಲ್ಲಗೆ.

"ಗೊತ್ತು."

"ನನ್ನ ಮಾತೂ ಬರ್ಕೊಳ್ಳಿ," ಅಂದ ವಾಲ್ಡೆಕ್ ಬಾಯೊರೆಸಿಕೊಂಡು. "ನಾನು ಕೆಳಗಿದ್ದೆ. ಎಲ್ಲಾ ದಿನ."

ಗೆಸಿನ ಟೀಚರ್ ಎದ್ದು ನಿಂತರು. ಲಂಗದ ಮೇಲೆ ಎಣ್ಣೆಮಣ್ಣಿನ ಕಲೆ ಇತ್ತು. "ಫ್ಯಾನ್ ನಿಲ್ಲಿಸಿ ಅಂತ ಬರೆದು ಕೊಟ್ಟಿದ್ದು ನಾನು. ನನ್ನ ಹೆಸ್ರೂ ಹಾಕ್ಕೊಳ್ಳಿ," ಅಂದರು. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಮುಂದೆ ಬಂದ, ಇನ್ನೊಬ್ಬಾಕೆ ಬಂದಳು. ಎಲ್ಲರೂ ಬರಲಿಲ್ಲ. ಆರು ಜನ ಬಂದರು.

ಪೊಲೀಸಮ್ಮ ಹಾಳೆಯ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಇಡೀ ಕಡತ ತರಿಸಿ ನೋಡಿದಳು. "ನಿಮ್ಮ ಸಹಿ ಎಲ್ಲಿದೆ?" ಅಂತ ಕ್ರೋಗರನನ್ನು ಕೇಳಿದಳು.

"ನಾನು ಸಹಿ ಮಾಡೋ ಪದ್ಧತಿ ಇಲ್ಲ," ಅಂದ ಅವನು.

ನಿಜ. ಇಪ್ಪತ್ತಮೂರು ಹಾಳೆಯಲ್ಲಿ ಒಂದರಲ್ಲೂ ಅವನ ಹೆಸರಿರಲಿಲ್ಲ. ಪೊಲೀಸಮ್ಮ ಅವನಿಗೆ ಹೋಗಬಹುದು ಅಂದಳು. ಇಮ್ಕೆಗೆ ಸಂಜೆ ಠಾಣೆಗೆ ಬನ್ನಿ ಅಂದಳು.

ಕ್ರೋಗರ್ ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ ಏಜೆನ್ಸಿಗೆ ಫೋನು ಮಾಡಿದ. ಗಾಳಿ ಈ ಕಡೆಗೇ ಬೀಸುತ್ತಿತ್ತು, ಎಲ್ಲರಿಗೂ ಕೇಳಿಸಿತು. "ಪೊಲೀಸ್ರು ಹೂಂ ಅಂದ ತಕ್ಷಣ ಶುರು ಮಾಡ್ಬೇಕು. ನಾಳೆ ಏಳಕ್ಕೇ ಕಳಿಸಿ. ಹೌದು, ಇಬ್ರು. ಅನುಭವ ಏನೂ ಬೇಡ, ಸನಿಕೆ ಹಿಡಿಯೋಕೆ ಬಂದ್ರೆ ಸಾಕು."

ಇಮ್ಕೆ ಅವನ ಹತ್ತಿರ ಹೋದಳು.

"ಮೂರು ಜನ ಕಳಿಸೋಕೆ ಹೇಳಿ," ಅಂದಳು. "ಮೀಟರ್ ನೋಡೋಕೂ ಒಬ್ರು ಬೇಕಲ್ಲ ನಿಮ್ಗೆ. ಅವರು ಬರೋವಾಗ ನಾನು ಗೇಟಲ್ಲಿರ್ತೀನಿ. ಇಲ್ಲಿ ಏನಾಯ್ತು ಅಂತ ಮೂವರಿಗೂ ನಾನೇ ಹೇಳ್ತೀನಿ."

"ಸೈಟ್ ಹತ್ರ ಕಾಲಿಟ್ರೆ..."

"ಗೇಟಿನ ಹೊರಗೆ ರಸ್ತೆ. ಅದು ನಿಮ್ಮದಲ್ಲ."

"ಏಳಕ್ಕೆ ಅಂದ್ನಾ ಅವನು?" ಅಂದರು ಗೆಸಿನ ಟೀಚರ್ ಹಿಂದಿನಿಂದ. "ಹಾಗಾದ್ರೆ ನಾನು ಆರೂವರೆಗೇ ಬರ್ತೀನಿ ಕಣೇ. ಈಗ ನಡಿ, ಕಾರಲ್ಲಿ ಆಸ್ಪತ್ರೆಗೆ ಬಿಡ್ತೀನಿ."